ಹಂಸದ ಕುತ್ತಿಗೆ

ಅಣ್ಣಾ,

ಹೂಳೆತ್ತೋಕೆ ಅಂತ ನಮ್ಮ ಪಾರ್ಕಿನ ಕೆರೆ ಖಾಲಿ ಮಾಡ್ತಿದ್ದಾರೆ. ಪಾರ್ಕು ಆದಮೇಲೆ ತೂಬು ತೆಗೆದದ್ದು ಇದೇ ಮೊದಲು, ಊರಿಗೆ ಊರೇ ದಡದಲ್ಲಿ ನಿಂತಿದೆ. ಅಪ್ಪ ಹೋದಮೇಲೆ ಬೋಟುಗಳು ನನ್ನ ಪಾಲಿಗೇ ಬಂದವಲ್ಲ, ಎಲ್ಲವನ್ನೂ ಮೇಲಕ್ಕೆಳೆದು ಟಿಕೆಟ್ ಕಿಟಕಿಗೆ ಬೀಗ ಹಾಕಿದ್ದೀನಿ.

ನೀನೂ ತುಳಿಯೋ ಹಂಸದ ಬೋಟೂ ಒಂದೇ ರಾತ್ರಿ ಕಾಣೆಯಾದಿರಿ. ಅದನ್ನ ಮಾರ್ಕೊಂಡು ನೀನು ಓಡಿಹೋದೆ ಅಂತ ಅಪ್ಪ ಸಾಯೋವರೆಗೂ ಬೈದರು. ನಾನೂ ಹೂಂ ಅಂತಿದ್ದೆ. ಹೂಂ ಅಂದ್ರೆ ನನ್ನ ಗಂಟೇನು ಹೋಗ್ತಿತ್ತು? ಬಯ್ತಿದ್ದೀವಿ ಅಂದ್ರೆ ನೀನು ಎಲ್ಲೋ ಚೆನ್ನಾಗಿದ್ದೀಯ ಅಂತ ತಾನೇ.

ಇವತ್ತು ಮಧ್ಯಾಹ್ನ ಕೆರೆಯ ನಡುವೆ, ನೀರಿನಿಂದ ಒಂದು ಬಿಳಿ ಕುತ್ತಿಗೆ ಮೇಲೆದ್ದಿತು. ಕೊಕ್ಕಿಗೆ ನೀನು ಬಳಿದ ಕೆಂಪು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಜನ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಅಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

"ನೋಡಿದ್ಯಾ? ನನ್ನ ಮಗ ಕಳ್ಳ ಅಲ್ಲ ಅಂತ ಬಡ್ಕೊಂಡೆ. ಒಬ್ಬರಾದ್ರೂ ಕೇಳಿದ್ರಾ?"

ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳ್ಕೊಂಡು ಬಂದಳು. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟು ವರ್ಷವಾಗಿತ್ತೋ. ಈಗ ಒಳಗೆ ನಿನ್ನ ಹಾಸಿಗೆ ಕೊಡವಿ ಹಾಸ್ತಿದ್ದಾಳೆ. ಕಳ್ಳ ಅನ್ನೋ ಹೆಸರು ಹೋಯ್ತಲ್ಲ, ಇನ್ನು ನೀನು ಅಂಜಿಕೆಯಿಲ್ಲದೆ ಬರ್ತೀಯಂತೆ.

ನಾಳೆ ಹೊತ್ತಿಗೆ ತಳ ಕಾಣುತ್ತೆ ಅಂತ ತೂಬಿನವನು ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಬೆಳಿಗ್ಗೆ ಬೇಗ ಎಬ್ಬಿಸೋ," ಅಂತ ಅಮ್ಮ ಒಳಗಿಂದ ಕೂಗಿದಳು. "ಬೋಟು ಎಳೆಯುವಾಗ ನಾನೂ ಅಲ್ಲೇ ಇರಬೇಕು."

ನಾನು ಹೂಂ ಅಂದೆ.