ಹೋಟೆಲ್ಲಿನ ಉಪ್ಪು

ಶಹಾಪುರ
೧೨ ಫೆಬ್ರವರಿ ೨೦೧೪

ಪ್ರೀತಿಯ ಗೆಳತಿ ದುರಗಮ್ಮನಿಗೆ,

ನೀನು ಇಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ ಎಂದು ಸಿಟ್ಟಾಗಿರುತ್ತಿ. ತಪ್ಪಾಯಿತು. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ, ಮೊಣಕಾಲು ಬೇರೆ ಹಿಡಿದುಕೊಂಡಿದೆ ಎಂದು ನೆವ ಹೇಳಬಹುದಿತ್ತು. ನಿಜವೆಂದರೆ ನಿನ್ನ ದನಿ ಕೇಳಿದರೆ ನನ್ನ ಮನಸ್ಸು ಕರಗುತ್ತದೆ, ಹೇಳಬೇಕಾದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ. ನೀವೆಲ್ಲ ಸುರಪುರದಲ್ಲಿ ಆರಾಮ ಇದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಹೈದರಾಬಾದಿನ ಆ ಊಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮಗ ಮರಿಲಿಂಗ ಅಡುಗೆ ಮಾಡುವ ಹೋಟೆಲ್ಲು ಅಂದರೆ ನೀನು ದೊಡ್ಡ ಮಹಲು ಎಂದುಕೊಂಡಿದ್ದೆ. ಓಣಿಯೊಳಗಿನ ಸಣ್ಣ ಮನೆಯಂಥದ್ದನ್ನು ಕಂಡು ಮುಖ ಹುಳ್ಳಗೆ ಮಾಡಿದೆ. ಅಂಥದ್ದಕ್ಕೆ ಫ್ರೆಂಚರು ಬಿಸ್ಟ್ರೋ ಅನ್ನುತ್ತಾರಂತೆ. ಓಣಿಯ ಜನ ಬಂದು ಉಂಡು, ಹರಟೆ ಹೊಡೆದು ಹೋಗುವ ಜಾಗ. ನಮ್ಮ ಖಾನಾವಳಿ ಇದ್ದ ಹಾಗೆ, ರೊಟ್ಟಿ ಬಡಿಯುವ ಸಪ್ಪಳ ಒಂದಿಲ್ಲ. ಕೆಂಪು ಚೌಕಳಿ ಬಟ್ಟೆ ಹಾಸಿದ ಮೇಜು, ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಡುಗೆಯ ಹೆಸರುಗಳು. ಬಿಳಿಕೂದಲಿನ ಆ ಫ್ರೆಂಚ್ ಮಾಲಕಿ ಬಾಗಿಲಿಗೇ ಬಂದು ನಮ್ಮನ್ನು ಕರೆದುಕೊಂಡಳು. ಮೇಲೆ ಚೀಸು ಸುಟ್ಟ ಉಳ್ಳಾಗಡ್ಡಿ ಸಾರನ್ನು ನೀನು ಮೂಗು ಮುರಿಯುತ್ತಲೇ ಬಟ್ಟಲು ಖಾಲಿ ಮಾಡಿದೆ. ನಿನ್ನ ಗಂಡ ಸಂಗಣ್ಣ ಕೋಳಿ ಸಾರನ್ನು ಮತ್ತೆ ಹಾಕಿಸಿಕೊಂಡು, ಖಾರ ಇಲ್ಲದೆ ಇಷ್ಟು ರುಚಿ ಹೇಗೆ ಬಂತು ಎಂದು ಕೇಳಿದ. ಈಗ ಹೇಳಿಬಿಡು: ಅದನ್ನು ದ್ರಾಕ್ಷಿಯ ಸೆರೆಯಲ್ಲಿ ಕುದಿಸಿರುತ್ತಾರೆ. ಹುಟ್ಟಿದಾಗಿನಿಂದ ಸೆರೆ ಮುಟ್ಟಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ಗೊತ್ತಿರಲಿ. ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ಆಮೇಲೆ ಮರಿಲಿಂಗ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿನ್ನ ಮಗಳು ಮಲ್ಲಿಕಮ್ಮನ ಮುಂದೆ ತಾನೇ ಬಟ್ಟಲು ಇಟ್ಟ. "ಬಿಸಿ ಐತಿ, ಸಾವಕಾಶ ಉಣ್ಣು" ಅಂದ. ಆಕೆ ನಕ್ಕಳು. ನೀನು ಮೇಜಿನ ಕೆಳಗೆ ನನ್ನ ಕೈ ಹಿಚುಕಿದೆ. ಅಲ್ಲಿಗೆ ಲಗ್ನದ ಮಾತು ಕೂಡಿತು ಎಂದು ತಿಳಿದುಕೊಂಡೆಯಲ್ಲ, ಊರಿಗೆ ಹೋದವಳೇ ಓಣಿಗೆಲ್ಲ ಸಕ್ಕರೆ ಹಂಚಿದೆಯಂತೆ.

ಈ ಸಂಬಂಧ ಆಗುವುದಿಲ್ಲ, ದುರಗಮ್ಮ.

ನಾನು ಎತ್ತಿದ ಆ ಒಂದೇ ಫೋನಿನಲ್ಲಿ ನೀನು ಅಂದಿದ್ದೆ, "ಉಪ್ಪು ಉಂಡೀವಿ, ಅದೂ ಹುಡುಗನ ಕೈಲೇ ಉಂಡೀವಿ. ಇನ್ನೇನ ಉಳೀತು?" ಎಂದು. ನಮ್ಮವರಲ್ಲಿ ಹೆಣ್ಣು ನೋಡಲು ಹೋದರೆ ಮಾತು ಕೂಡುವ ತನಕ ಬರೀ ಚಹಾ ಕುಡಿದು ಏಳುತ್ತೇವೆ. ಮನೆಯ ಉಪ್ಪು ಉಂಡರೆ ಒಪ್ಪಿದ ಹಾಗೆ. ಅದು ನನಗೂ ಗೊತ್ತು. ಗೊತ್ತಿದ್ದೇ ನಿಮ್ಮ ಮನೆಗೆ ಬರಲಿಲ್ಲ, ನಿಮ್ಮನ್ನು ನಮ್ಮ ಮನೆಗೂ ಕರೆಯಲಿಲ್ಲ, ರೈಲು ಹತ್ತಿಸಿ ಅಲ್ಲಿಗೆ ಕರೆಸಿದೆ. ಮಾಲಕಿ ಬೇಡವೆಂದರೂ ಬಿಲ್ಲು ಕೇಳಿ ಕೊಟ್ಟೆ. ಕೊಂಡು ಉಂಡ ಉಪ್ಪಿಗೆ ಯಾರ ಋಣ? ಮರಿಲಿಂಗ ಅಲ್ಲಿ ಪಗಾರದ ಮನುಷ್ಯ. ಆವತ್ತು ಎಲ್ಲ ಮೇಜಿಗೂ ಅವನೇ ಅಡುಗೆ ಮಾಡಿದ್ದ. ಉಂಡವರೆಲ್ಲ ನನಗೆ ಬೀಗರಾದರೇನು?

ನಿನಗೆ ನೆನಪಿರಬೇಕು. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ನಿಮ್ಮವರು ನಿನ್ನ ಅಣ್ಣ ಪರಮಣ್ಣನಿಗೆ ನನ್ನನ್ನು ನೋಡಲು ಬಂದರು. ಹೋಳಿಗೆ ಉಂಡರು, ತುಪ್ಪ ಹಾಕಿಸಿಕೊಂಡರು, ನಮ್ಮ ಅಂಗಳದಲ್ಲಿ ಕೈ ತೊಳೆದರು. ಆಮೇಲೆ ನಮ್ಮ ಹೊಲ ಕಾಲುವೆಯ ಮೇಲ್ಗಡೆ ಉಳಿಯಿತು, ನೀರು ಹತ್ತುವುದಿಲ್ಲ ಎಂದು ಗೊತ್ತಾಯಿತು. ಕಾಲುವೆಯ ಕೆಳಗೆ ಹೊಲ ಇದ್ದವರ ಮನೆಯ ಹುಡುಗಿ ನಿಮಗೆ ಸಿಕ್ಕಳು. ನಮ್ಮಪ್ಪ ನಿಮ್ಮ ಕಟ್ಟೆಯ ಮುಂದೆ ನಿಂತು, ನಮ್ಮ ಉಪ್ಪು ಉಂಡಿದ್ದೀರಿ ಎಂದು ಕೈಮುಗಿದ. "ಉಂಡಿದ್ದು ಅರಗೇತಿ, ನಡೀರಿ" ಅಂದ ನಿಮ್ಮಪ್ಪ. ನೀನು ಬಾಗಿಲಲ್ಲೇ ನಿಂತಿದ್ದೆ. ಆಮೇಲೂ ನೀನು ನನ್ನ ಜೊತೆ ಮಾತು ಬಿಡಲಿಲ್ಲ, ಅದಕ್ಕೆ ನಿನಗೆ ಉಪಕಾರ. ಆದರೆ ನಿಮ್ಮಪ್ಪನಿಗೆ ಒಂದು ಮಾತೂ ಎದುರಾಡಲಿಲ್ಲ.

ಮರಿಲಿಂಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಅವರು ಏನಂದರು, ಏನಂದರು ಎಂದು ದಿನಾ ಕೇಳುತ್ತಿದ್ದ. ನೀವೇ ಒಲ್ಲೆ ಅಂದಿರಿ ಎಂದು ಹೇಳಿದ್ದೇನೆ. ಕಂಡವರಿಗೆ ಬೇಯಿಸಿ ಹಾಕುವವನಿಗೆ ಮಗಳನ್ನು ಕೊಡುವುದಿಲ್ಲ ಅಂದಿರಿ ಎಂದು ಹೇಳಿದ್ದೇನೆ. ಒಲೆಯ ಮೇಲೆ ಸಾರು ಐತಿ ಅಂದು ಫೋನು ಇಟ್ಟ. ಬೇಕಾದರೆ ನೀನು ಅವನಿಗೆ ಫೋನು ಮಾಡಿ ನಿಜ ಹೇಳಿ ನೋಡು. ಎತ್ತುವುದಿಲ್ಲ. ಎತ್ತಿದರೂ ತಾಯಿ ಸುಳ್ಳಾಡಿದಳು ಎಂದು ನಂಬುವ ಮಗನಲ್ಲ ಅವನು.

ಹಂಚಿದ ಸಕ್ಕರೆಗೆ ಜನ ಏನಾದರೂ ಕೇಳಿದರೆ ಒಂದು ಕಾರಣ ಹುಡುಕಿಕೊ, ನಮ್ಮಪ್ಪನೂ ಹುಡುಕಿಕೊಂಡಿದ್ದ. ಸಂಗಣ್ಣನಿಗೆ ನಮಸ್ಕಾರ. ಮಲ್ಲಿಕಮ್ಮನಿಗೆ ನನ್ನ ಆಶೀರ್ವಾದ. ಹುಡುಗಿಯಲ್ಲಿ ಯಾವ ಕೊರತೆಯೂ ಇಲ್ಲ, ತಿಂಥಣಿಯ ಮೌನೇಶ್ವರ ಆಕೆಗೆ ಚಲೋ ಮನೆ ತೋರಿಸಲಿ.

ನಿನ್ನ ಗೆಳತಿ,
ದೇವಕಮ್ಮ

ತಾ.ಕ.: ಮೇಲಿನದ್ದನ್ನು ಸಂಗಣ್ಣನಿಗೆ ಓದಿ ಹೇಳು. ಈ ಕೆಳಗಿನದ್ದನ್ನು ಮಾತ್ರ ಹರಿದು ಒಲೆಗೆ ಹಾಕು. ಹೊಲದ ಮಾತು, ನಿಮ್ಮಪ್ಪನ ಮಾತು, ಎಲ್ಲ ನಾನು ಎಂದೋ ನುಂಗಿಕೊಂಡಿದ್ದೆ. ಒಂದಿಷ್ಟು ಆಟ ಆಡಿಸಿ ಕಡೆಗೆ ಹೂಂ ಅನ್ನೋಣ ಎಂದೇ ನಿಮ್ಮನ್ನು ಅಲ್ಲಿಗೆ ಕರೆಸಿದ್ದೆ. ಆದರೆ ಮಲ್ಲಿಕಮ್ಮ ಬ್ರೆಡ್ಡು ಮುರಿದು ಮೊದಲ ತುತ್ತನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟಳು. ಎಲ್ಲ ಉಂಡಾದ ಮೇಲೆ ಅದನ್ನು ತಿಂದಳು. ನನ್ನನ್ನು ನೋಡಲು ಬಂದ ದಿನ ನಿನ್ನ ಅಣ್ಣ ಪರಮಣ್ಣ ನಮ್ಮ ಮನೆಯಲ್ಲಿ ಹಾಗೇ ಉಂಡಿದ್ದ. ನಾನು ಬಾಗಿಲ ಮರೆಯಿಂದ ನೋಡಿದ್ದೆ. ಇನ್ನೊಬ್ಬನ ಜೊತೆ ಸಂಸಾರ ಮಾಡಿದೆ, ಮಗನನ್ನು ಹೆತ್ತೆ, ಆದರೂ ನನಗೆ ಬೇಕಾಗಿದ್ದವನು ಅವನೊಬ್ಬನೇ. ಹಬ್ಬ ಹುಣ್ಣಿಮೆಗೆ ಈ ಹುಡುಗಿ ಮನೆಗೆ ಬಂದು ನನ್ನ ಎದುರಿಗೆ ಕುಳಿತು ಹಾಗೆ ಉಂಡರೆ ನಾನು ತಾಳಲಾರೆ, ದುರಗಿ. ಪರಮಣ್ಣ ಈಗಲೂ ಹಾಗೇ ಉಣ್ಣುತ್ತಾನೇನು? ಉತ್ತರ ಬರೆಯಬೇಡ.