ಹನ್ನೊಂದು ಗಂಟೆಯ ಬಸ್ಸು

...ಅಯ್ಯೋ, ಕ್ಷಮಿಸು, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಪ್ರೀತಿಯ ಬೆಲ್ಮೀರೋ ಅಣ್ಣಾ, ನಾನು ಅಬೀಲಿಯೋ, ನಿನ್ನ ತಮ್ಮ. ಇದು ನಾಲ್ಕನೇ ಸಲ. ಮೂರು ಸಲ ಫೋನಲ್ಲಿ ರೆಕಾರ್ಡ್ ಮಾಡಿ ಮೂರನ್ನೂ ಅಳಿಸಿದೆ. ಒಂದರಲ್ಲಿ ಬರೀ ಬಿಸಿಲಿನ ವಿಷಯ ಹೇಳ್ತಾ ಕೂತಿದ್ದೆ, ಇನ್ನೊಂದರಲ್ಲಿ ಅಳು ಬಂತು, ಮೂರನೇದರಲ್ಲಿ ಮತ್ತೆ ಸುಳ್ಳು ಹೇಳಿಬಿಟ್ಟೆ.

ಇವತ್ತು ಜೂನ್ ಹನ್ನೆರಡು, ಶುಕ್ರವಾರ, ಮಧ್ಯಾಹ್ನ ಎರಡೂಕಾಲು. ನಾನು ಲಿಸ್ಬನ್‌ನಲ್ಲಿದೀನಿ. ಆಸ್ಪತ್ರೆಯಲ್ಲಿ ಇಲ್ಲ. ಮುಖ್ಯವಾದ್ದನ್ನ ಮೊದಲೇ ಹೇಳ್ತೀನಿ, ಆಮೇಲೆ ನನ್ನ ಮಾತು ಎಲ್ಲೆಲ್ಲಿಗೋ ಹೋಗುತ್ತೆ, ನಿನಗೆ ಗೊತ್ತಲ್ಲ. ಅಣ್ಣಾ, ನಾಳೆ ಬೆಳಗ್ಗೆ ಫಾತಿಮಾ ಮಾತೆಯ ಕ್ಷೇತ್ರದಲ್ಲಿ ಆ ಅಮೃತಶಿಲೆ ಹಾದಿ ಮೇಲೆ ಮೊಣಕಾಲೂರಬೇಡ. ನನ್ನ ಹೃದಯಕ್ಕೆ ಏನೂ ಆಗಿಲ್ಲ. ನಿನ್ನ ಹರಕೆಗೆ ಕಾರಣವೇ ಇಲ್ಲ. ಇದು ನಿನ್ನ ಕಿವಿಗೆ ಬಿದ್ದರೆ ಸಾಕು, ಉಳಿದಿದ್ದನ್ನ ಕೇಳಿದ್ರೂ ಸರಿ, ಕೇಳದಿದ್ರೂ ಸರಿ.

ನಡೆಯುವಾಗ ನೀನು ಫೋನ್ ಆರಿಸಿಡ್ತೀಯಂತೆ, ಸಂಜೆ ಬೂಟು ಬಿಚ್ಚಿದ ಮೇಲೇ ಹಚ್ಚೋದಂತೆ. ದೆವೊಲಿಂದಾ ಅತ್ತಿಗೆ ಹೇಳಿದ್ರು. ಅದಕ್ಕೇ ಹೀಗೆ ಮಾತಾಡಿ ಕಳಿಸ್ತಾ ಇದೀನಿ.

ಬೆಳಗ್ಗೆ ಒಂಬತ್ತಕ್ಕೆ ಅತ್ತಿಗೆ ಫೋನ್ ಮಾಡಿದ್ರು. ನಾನು ಯಾವಾಗಿನ ಹಾಗೆ ದನಿ ತಗ್ಗಿಸಿ, ಕೆಮ್ಮಿ, "ಹೇಳಿ ಅತ್ತಿಗೆ, ಈಗಷ್ಟೇ ಡಾಕ್ಟರು ನೋಡಿ ಹೋದ್ರು" ಅಂದೆ. ಅದೇ ಹೊತ್ತಿಗೆ ಕಿಟಕಿ ಕೆಳಗೆ ಮೀನಿನವಳು ಗಂಟಲು ಹರಿಯೋ ಹಾಗೆ ಕೂಗಿದ್ಲು, ತಾಜಾ ಸಾರ್ಡೀನು, ತಾಜಾ ಸಾರ್ಡೀನು ಅಂತ. ಅತ್ತಿಗೆ, "ಯಾಕಪ್ಪಾ ಅಬೀಲಿಯೋ, ಆಸ್ಪತ್ರೆ ವಾರ್ಡಲ್ಲೂ ಮೀನು ಮಾರ್ತಾರಾ ಈಗ?" ಅಂದ್ರು. ನಾನು ನಗಬೇಕೋ ಬೇಡವೋ ಅಂತ ಯೋಚಿಸ್ತಾ ಇದ್ದೆ. ಅಷ್ಟರಲ್ಲಿ ಅವರ ದನಿ ಬದಲಾಯ್ತು. "ನಿಮ್ಮಣ್ಣ ಹೇಳಬೇಡ ಅಂತ ಆಣೆ ಹಾಕಿದಾರೆ. ಆದರೂ ಹೇಳ್ತೀನಿ. ಭಾನುವಾರ ಬೆಳಗ್ಗೆ ಬೇಕರಿ ಬಾಗಿಲು ಹಾಕಿ ಫಾತಿಮಾಗೆ ನಡೆದುಕೊಂಡು ಹೋಗಿದಾರೆ ಕಣೋ, ನಿನಗೋಸ್ಕರ. ನಾಳೆ ಹದಿಮೂರು, ಮಾತೆಯ ದಿನ, ಆ ಹಾದೀನ ಮೊಣಕಾಲಲ್ಲೇ ಸಾಗ್ತಾರಂತೆ."

ಬೇಕರಿ ಬಾಗಿಲು ಹಾಕಿ! ಅಪ್ಪ ತೀರಿಕೊಂಡ ದಿನಾನೂ ನೀನು ಒಲೆ ಹಚ್ಚಿದ್ದೆ. ಸಮಾಧಿಗೆ ಬಂದ ಜನ ಬ್ರೆಡ್ಡಿಲ್ಲದೆ ಮನೆಗೆ ಹೋಗಬಾರದು ಅಂದಿದ್ದೆ. ಇನ್ನು ಹರಕೆ? ಮದುವೆಗಳನ್ನ ಬಿಟ್ಟರೆ ನೀನು ಚರ್ಚಿನ ಒಳಗೆ ಕಾಲಿಟ್ಟಿದ್ದು ನಾನು ನೋಡಿಲ್ಲ. ಪಾದ್ರಿಗಳಿಗೆ ಬ್ರೆಡ್ಡು ಕೊಡುವಾಗ, "ಫಾದರ್, ನಿಮ್ಮ ಪವಾಡಕ್ಕಿಂತ ನನ್ನ ಹುಳಿಹಿಟ್ಟು ನಂಬಿಕಸ್ಥ" ಅಂತಿದ್ದೋನು ನೀನು. ಅಂಥೋನು ನನಗೋಸ್ಕರ ಮಾತೆಯ ಹತ್ತಿರ ಬೇಡ್ಕೊಂಡಿದೀಯ. ಆ ಮೊಣಕಾಲಿನಲ್ಲಿ. ಹಿಟ್ಟಿನ ಅಟ್ಟದಿಂದ ಬಿದ್ದ ಮೇಲೆ ಅದರಲ್ಲಿ ಸವೆಯೋದಕ್ಕೆ ಇನ್ನೇನೂ ಉಳಿದಿಲ್ಲ ಅಂತ ಡಾಕ್ಟರು ಹೇಳಿರಲಿಲ್ವಾ? ನೀನು ಒಲೆ ಮುಂದೆ ತಿರುಗಿದಾಗೆಲ್ಲ ಅದು ಕಟ್ ಅನ್ನೋ ಸದ್ದು ನನಗೆ ಕೇಳ್ಸುತ್ತೆ. ಆರು ವರ್ಷದಿಂದ ಆ ಸದ್ದನ್ನೇ ಗಡಿಯಾರ ಮಾಡ್ಕೊಂಡು ಕೆಲಸ ಮಾಡಿದೀನಿ.

ಸರಿ. ನಡೆದಿದ್ದನ್ನ ನಡೆದ ಹಾಗೇ ಹೇಳ್ತೀನಿ.

ಏಪ್ರಿಲ್‌ನಲ್ಲಿ ನನಗೆ ಎದೆನೋವು ಬಂದಿದ್ದು ನಿಜ. ಅದರಲ್ಲಿ ಮೋಸ ಇಲ್ಲ. ಲಿಸ್ಬನ್ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಸಿದ್ದು ನೀನೇ, ಬಸ್ಸಿಗೆ ಹತ್ತಿಸಿದ್ದೂ ನೀನೇ. ಆಸ್ಪತ್ರೆ ಊಟ ಸೇರಲ್ಲ ಅಂತ ನಮ್ಮ ಜೋಳದ ಬ್ರೆಡ್ಡನ್ನ ಬಟ್ಟೇಲಿ ಸುತ್ತಿ ಕೊಟ್ಟೆ. ಕಳೆದ ಶುಕ್ರವಾರ ಬೆಳಗ್ಗೆ ಪರೀಕ್ಷೆ ಆಯ್ತು. ಮಧ್ಯಾಹ್ನ ಆ ಡಾಕ್ಟರಮ್ಮ ಕಾಗದ ನೋಡಿ, "ನಿಮ್ಮ ಹೃದಯ ಎತ್ತಿನ ಹಾಗಿದೆ. ಭಾರ ಎತ್ತಿ ಮಾಂಸಖಂಡ ಹಿಡ್ಕೊಂಡಿದೆ ಅಷ್ಟೆ. ನಾಲ್ಕು ದಿನ ರೆಸ್ಟ್ ತಗೊಳ್ಳಿ" ಅಂದ್ರು. ಹೊರಗೆ ಬಂದೆ. ಸಂಜೆ ಐದರ ಬಸ್ಸು ಹಿಡಿದಿದ್ರೆ ಬೆಳಗಿನ ಜಾವ ಹಿಟ್ಟು ನಾದೋ ಹೊತ್ತಿಗೆ ನಮ್ಮೂರು ವಿಸೇವಲ್ಲಿ ನಿನ್ನ ಪಕ್ಕದಲ್ಲಿರ್ತಿದ್ದೆ.

ಹೊರಗೆ ಬಿಸಿಲಿತ್ತು ಅಣ್ಣಾ. ಜಕರಂದಾ ಮರಗಳು ಹೂಬಿಟ್ಟು ರಸ್ತೆಯೆಲ್ಲ ನೇರಳೆ ಬಣ್ಣ. ಇಳಿಜಾರಿನ ಕೊನೇಲಿ ನದಿ ಹೊಳೀತಾ ಇತ್ತು. ನನಗೆ ಐವತ್ತು ವರ್ಷ. ಲಿಸ್ಬನ್‌ಗೆ ಐದು ಸಲ ಬಂದಿದೀನಿ, ನಾಲ್ಕು ಸಲ ಡಾಕ್ಟರಿಗೆ, ಒಂದು ಸಲ ಅಪ್ಪನ ಮನೆ ಪತ್ರಕ್ಕೆ. ನಮ್ಮೂರಿಂದ ಇಲ್ಲಿಗೆ ಬರೋದಕ್ಕೆ ಇನ್ಯಾವ ಕಾರಣ ಇದೆ ಹೇಳು? ರಜಾ ಬೇಕು ಅಂತ ನಿನ್ನ ಹತ್ತಿರ ಕೇಳಬಹುದಿತ್ತು ಅಂತೀಯ. ಕೇಳಿದ್ದೆ, ಇಪ್ಪತ್ತೆಂಟರ ವಯಸ್ಸಲ್ಲಿ. "ಒಲೆಗೆ ಭಾನುವಾರ ಇಲ್ಲ ಕಣೋ" ಅಂದೆ ನೀನು. ಆಮೇಲೆ ನಾನೂ ಕೇಳಲಿಲ್ಲ, ನೀನೂ ತಗೊಳ್ಳಲಿಲ್ಲ.

ಅಲ್ಲೇ ನಿಂತು ನಿನಗೆ ಫೋನ್ ಮಾಡಿದೆ. "ಇನ್ನೂ ಕೆಲವು ಪರೀಕ್ಷೆ ಬಾಕಿಯಂತೆ" ಅಂದೆ. ಶನಿವಾರ ಮತ್ತೆ ಮಾಡಿ, ಒಂದು ವಾರ ಇಟ್ಕೊಂಡು ನೋಡ್ತಾರಂತೆ ಅಂದೆ. ನೀನು "ಹೂಂ" ಅಂತ ಇಟ್ಟುಬಿಟ್ಟೆ. ನಾನು ಆ ಹೂಂಗೆ ಅರ್ಥ ಹಚ್ಚಿದ್ದೇ ಬೇರೆ. ಕೋಪ ಬಂದಿದೆ, ಒಬ್ಬನೇ ಒಲೆ ನೋಡ್ಕೋಬೇಕಲ್ಲ ಅಂತ ಸಿಟ್ಟಾಗಿದಾನೆ ಅಂದ್ಕೊಂಡೆ. ನಿನಗೆ ಭಯ ಆಗಿದೆ ಅಂತ ಹೊಳೀಲೇ ಇಲ್ಲ. ನಿನಗೂ ಭಯ ಆಗುತ್ತೆ ಅಂತ ನನಗೆ ಯಾವತ್ತೂ ಹೊಳೆದಿಲ್ಲ.

ಅಲ್ಫಾಮಾ ಅನ್ನೋ ಹಳೇ ಬಡಾವಣೇಲಿ ಒಂದು ಮನೆ ಮೇಲಿನ ರೂಮು ಹಿಡಿದೆ. ಮನೆಯೊಡತಿ ದೋನಾ ಎರ್ಮೀನಿಯಾ, ಎಪ್ಪತ್ತು ದಾಟಿದೆ, ನಾಲಿಗೆ ಮಾತ್ರ ಇಪ್ಪತ್ತರದ್ದು. ಮೊದಲ ದಿನಾನೇ ಮೆಟ್ಟಿಲ ಮೇಲಿದ್ದ ಕಾಮಕಸ್ತೂರಿ ಕುಂಡಕ್ಕೆ ನಾನು ಮೂಗು ಹಚ್ಚಿದ್ದಕ್ಕೆ, "ಏಯ್ ಬೇಕರಿ ಮಹಾರಾಯ, ಸಂತ ಅಂತೋನಿಯ ಗಿಡ ಕೊಲ್ಲೋಕೆ ಬಂದ್ಯಾ? ಮೂಗು ಹಚ್ಚಿದ್ರೆ ಬಾಡುತ್ತೆ, ಅಂಗೈ ಇಟ್ಟು ಅಂಗೈ ಮೂಸು! ನಿಮ್ಮಮ್ಮ ಇಷ್ಟೂ ಕಲಿಸಲಿಲ್ವಾ?" ಅಂತ ಬೈದ್ರು. ಅಮ್ಮ ಕಲಿಸಿದ್ಲು. ನಾನೇ ಮರೆತಿದ್ದೆ. ನಮ್ಮನೇಲಿ ಸಂತ ಅಂತೋನಿ ಹಬ್ಬದ ದಿನ ಯಾರು ಎದ್ದಿರ್ತಿದ್ರು, ಒಲೆ ಮುಂದೆ ಬೆಂದು ಬಂದು ಮಲಗಿಬಿಡ್ತಿದ್ವಿ.

ಏನು ಮಾಡಿದೆ ಅಂತ ಕೇಳು. ಏನೂ ಮಾಡಲಿಲ್ಲ. ಇಪ್ಪತ್ತೆಂಟನೇ ನಂಬರಿನ ಟ್ರಾಮ್ ಹತ್ತಿ ಈ ಕೊನೆಯಿಂದ ಆ ಕೊನೆಗೆ ಮೂರು ಸಲ ಹೋಗಿ ಬಂದೆ. ಡ್ರೈವರು "ಎಲ್ಲಿ ಇಳೀತೀಯಪ್ಪಾ?" ಅಂದ್ರೆ, "ಬ್ರೇಕ್ ಸದ್ದು ಕೇಳ್ತಾ ಇದೀನಿ" ಅಂದೆ. ದೋಣಿ ಹತ್ತಿ ನದಿ ದಾಟಿ, ಆ ದಡದಲ್ಲಿ ಇಳಿದು, ಮುಂದಿನ ದೋಣೀಲೇ ವಾಪಸ್ ಬಂದೆ. ಗುಡ್ಡದ ಮೇಲೆ ಕೂತು ಕೆಂಪು ಹೆಂಚುಗಳನ್ನ ನೋಡ್ತಾ ಒಂದು ಇಡೀ ಮಧ್ಯಾಹ್ನ ಕಳೆದೆ. ಬೆಳಗಿನ ಜಾವ ಎರಡೂವರೆಗೆ ಎಚ್ಚರ ಆಗ್ತಿತ್ತು, ಅಭ್ಯಾಸ ಬಿಡಲ್ಲ. ಎಚ್ಚರ ಆಗಿ, ಏಳಬೇಕಾಗಿಲ್ಲ ಅಂತ ನೆನಪಾಗಿ, ಮಗ್ಗುಲು ಬದಲಾಯಿಸ್ತಿದ್ದೆ. ಆ ಮಗ್ಗುಲು ಬದಲಾಯಿಸೋ ಸುಖ ಇದೆಯಲ್ಲ ಅಣ್ಣಾ, ಅದನ್ನ ನಿನಗೆ ಹೇಗೆ ಹೇಳಲಿ. ಹೇಳಬಾರದು. ನೀನು ಆವಾಗ ಯಾವ ಊರಿನ ಅಗ್ನಿಶಾಮಕ ಠಾಣೇಲಿ, ಬೇರೆ ಯಾತ್ರಿಕರ ನಡುವೆ, ಯಾವ ಚಾಪೆ ಮೇಲೆ ಮಲಗಿದ್ಯೋ.

ಇನ್ನೊಂದು. ಬೀದಿ ಕೊನೆಯ ಅಂಗಡೀಲಿ ಬೆಳಗ್ಗೆ ಬಿಸಿ ಬ್ರೆಡ್ಡು ತಗೊಂಡು ತಿಂದೆ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಬೇರೆಯೋರು ಮಾಡಿದ ಬ್ರೆಡ್ಡನ್ನ ಬಿಸಿಯಾಗಿ ತಿಂದಿದ್ದು. ಚೆನ್ನಾಗಿರಲಿಲ್ಲ. ಹುಳಿ ಬಂದಿರಲಿಲ್ಲ, ಒಳಗೆ ಹತ್ತಿ ಹಾಗಿತ್ತು, ನೀನಾಗಿದ್ರೆ ಅವನ ಮುಖಕ್ಕೆ ಎಸೀತಿದ್ದೆ. ಆದರೂ ಕಣ್ಣಲ್ಲಿ ನೀರು ಬಂತು. ಯಾರೋ ನನಗಾಗಿ ಎದ್ದು ಮಾಡಿದ್ದಾರಲ್ಲ ಅನ್ನಿಸ್ತು. ನೀನು ಸುತ್ತಿ ಕೊಟ್ಟ ಜೋಳದ ಬ್ರೆಡ್ಡು? ಇವತ್ತು ಅತ್ತಿಗೆ ಫೋನ್ ಇಟ್ಟ ಮೇಲೆ ಚೀಲದ ತಳದಲ್ಲಿ ಸಿಕ್ತು. ಕಲ್ಲಾಗಿದೆ. ಗಂಟನ್ನೂ ಬಿಚ್ಚಿರಲಿಲ್ಲ ನಾನು.

ಸುಳ್ಳು ಹೇಳಿದ್ದು ತಪ್ಪು, ಅದು ನನಗೆ ಗೊತ್ತು, ಅದಕ್ಕೆ ಬೈಸಿಕೊಳ್ತೀನಿ. ಆದರೆ ಬೆಳಗ್ಗೆಯಿಂದ ಕೊರೀತಾ ಇರೋದು ಅದಲ್ಲ. ಅತ್ತಿಗೆ ಹೇಳಿದ್ರು, ಬುಧವಾರ ನೀನು ಪೊಂಬಾಲ್ ಹತ್ತಿರ ದಾರಿ ಪಕ್ಕದಲ್ಲಿ ಕೂತುಬಿಟ್ಯಂತೆ, ಎದ್ದೇಳೋಕೆ ಆಗಲಿಲ್ವಂತೆ. ಯಾರೋ ಹೆಂಗಸರು ನಿನ್ನ ಕಾಲು ತೊಳೆದು, ಬೊಬ್ಬೆ ಒಡೆದು, ಮೊಣಕಾಲಿಗೆ ಪಟ್ಟಿ ಕಟ್ಟಿ, "ಅಜ್ಜಾ, ಇಲ್ಲಿಗೇ ಸಾಕು, ಮಾತೆ ಒಪ್ಕೊಳ್ತಾಳೆ" ಅಂದ್ರಂತೆ. ನೀನು "ಅವಳು ಒಪ್ಕೋಬಹುದು, ನನ್ನ ತಮ್ಮನ ಹೃದಯ ಒಪ್ಪಬೇಕಲ್ಲ" ಅಂತ ಎದ್ಯಂತೆ. ನಾನು ಬುಧವಾರ ಏನು ಮಾಡ್ತಿದ್ದೆ ಅಂತ ಕೂತು ನೆನೆಸ್ಕೊಂಡೆ. ಬುಧವಾರ ದೋಣೀಲಿದ್ದೆ. ಆ ಇಡೀ ದಿನ, ಬೆಳಗಿಂದ ಮಲಗೋವರೆಗೆ, ಒಂದೇ ಒಂದು ಸಲಾನೂ ನಿನ್ನ ನೆನಪು ಬಂದಿರಲಿಲ್ಲ ನನಗೆ. ಒಂದು ಸಲಾನೂ ಇಲ್ಲ ಅಣ್ಣಾ. ಅಷ್ಟು ಸುಖವಾಗಿದ್ದೆ.

ಅದನ್ನ ಹೇಳೋಕಾಗದೇ ಮೂರು ಸಲ ಅಳಿಸಿದ್ದು.

ಅತ್ತಿಗೆ ಫೋನ್ ಇಟ್ಟ ತಕ್ಷಣ ಬಸ್ ನಿಲ್ದಾಣಕ್ಕೆ ಓಡಿದೆ. ಹನ್ನೊಂದಕ್ಕೆ ಫಾತಿಮಾ ಬಸ್ಸಿತ್ತು, ತುಂಬಿತ್ತು. ನಾಳೆ ಹದಿಮೂರು ನೋಡು, ಅರ್ಧ ದೇಶ ಅಲ್ಲಿಗೇ ಹೊರಟಿದೆ. ನಾಲ್ಕರ ಬಸ್ಸಿಗೆ ಟಿಕೆಟ್ಟಾಗಿದೆ. ಸಂಜೆ ಆರರೊಳಗೆ ಅಲ್ಲಿರ್ತೀನಿ. ನೀನು ಅಲ್ಲಿ ಎಲ್ಲಿ ಉಳ್ಕೊಳ್ತೀಯ ಅಂತ ಅತ್ತಿಗೆಗೂ ಗೊತ್ತಿಲ್ಲ, ಅದಕ್ಕೆ ಆ ಹಾದಿ ಶುರುವಾಗೋ ಕಡೆ, ಮೇಲ್ಗಡೆ, ಬೆಳಗಿನವರೆಗೂ ಕೂತಿರ್ತೀನಿ. ಸಾವಿರ ಜನ ಇರ್ತಾರೆ, ನನ್ನನ್ನ ಹುಡುಕಬೇಡ, ನಾನೇ ಹುಡುಕ್ತೀನಿ. ನೀನು ನಡೆಯೋ ರೀತಿ ನೋಡಿ ದೂರದಿಂದಾನೇ ಗುರುತು ಹಿಡೀತೀನಿ. ಬಯ್ಯಿ, ಹೊಡಿ, ಅಷ್ಟು ಜನರ ಮುಂದೆ ನನ್ನ ಮಾನ ಕಳಿ. ಮೊಣಕಾಲು ಮಾತ್ರ ಊರಬೇಡ. ನೀನು ಒಲೆ ಮುಂದೆ ನಿಲ್ಲೋದಕ್ಕೆ ಆಗದೇ ಹೋದ್ರೆ ನಾನು ಉಳಿದ ಜೀವಮಾನ ಆ ಒಲೆ ಮುಂದೆ ಹೇಗೆ ನಿಲ್ಲಲಿ?

ಇನ್ನೂ ಏನೋ ಹೇಳೋದಿತ್ತು... ಹಾಂ, ಬೇಕರಿ ಬಾಗಿಲಿಗೆ ನೀನು ಚೀಟಿ ಅಂಟಿಸಿದೀಯಂತೆ, "ತಮ್ಮನಿಗೆ ಹುಷಾರಿಲ್ಲ" ಅಂತ. ಊರವರೆಲ್ಲ ಅದನ್ನ ಓದಿ ಅತ್ತಿಗೆ ಹತ್ತಿರ ಕೋಳಿ ಸಾರು ತಂದು ಕೊಡ್ತಾ ಇದಾರಂತೆ. ಆ ಚೀಟಿ ಕೀಳೋದು ಹೇಗೆ, ಆ ಸಾರಿನ ಋಣ...

ಬಂದೇ ದೋನಾ ಎರ್ಮೀನಿಯಾ! ಕೆಳಗಿಂದ ಕೂಗ್ತಾ ಇದಾರೆ, ಟ್ಯಾಕ್ಸಿ ಬಂದಿದೆಯಂತೆ, "ಪಾಪಿ, ಇನ್ನೂ ತಪ್ಪೊಪ್ಪಿಗೆ ಮುಗೀಲಿಲ್ವಾ, ಪಾದ್ರಿಗೂ ನಿದ್ದೆ ಬರುತ್ತೆ!" ಅಂತಿದಾರೆ. ಇಡ್ತೀನಿ ಅಣ್ಣಾ.

ಕ್ಷಮೆ ಕೇಳೋ ಯೋಗ್ಯತೆ ಇಲ್ಲದ, ಹೃದಯ ಗಟ್ಟಿಯಾಗಿರೋ ನಿನ್ನ ತಮ್ಮ,
ಅಬೀಲಿಯೋ

ಇನ್ನೊಂದು ಮಾತು. ಈಗ ಐದು ಗಂಟೆ, ಬಸ್ಸಲ್ಲಿದೀನಿ, ಅದಕ್ಕೇ ದನಿ ಅಲ್ಲಾಡ್ತಾ ಇದೆ. ನೀನು ಆಗಲೇ ಕಳಿಸಿದ್ದನ್ನ ಕೇಳಿದೀಯ. ನಿನ್ನ ಉತ್ತರ ಈಗಷ್ಟೇ ಬಂತು. ನಾಲ್ಕೇ ಪದ: "ಹರಕೆ ಹರಕೆನೇ. ಮೊಣಕಾಲು ನಿಂದು." ಹತ್ತು ಸಲ ಓದಿದೆ. ಆಗಲಿ ಅಣ್ಣಾ. ನಾಳೆ ನಾನು ಊರ್ತೀನಿ, ನೀನು ಪಕ್ಕದಲ್ಲಿ ಕೋಲು ಹಿಡಿದು ನಡಿ. ನಿನ್ನ ಜೋಳದ ಬ್ರೆಡ್ಡನ್ನ ನೀರಲ್ಲಿ ಅದ್ದಿ ತಿಂತಾ ಇದೀನಿ, ನಾಲ್ಕು ತುತ್ತು ಉಳಿದಿದೆ.

ಆದರೆ ಮಾತೆಯ ಮುಂದೆ ಮೊಣಕಾಲೂರೋಕೆ ಮುಂಚೆ ನಿನ್ನ ಹತ್ತಿರ ಇದನ್ನೂ ಹೇಳಿಬಿಡಬೇಕು. ಹನ್ನೊಂದು ಗಂಟೆ ಬಸ್ಸು ತುಂಬಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಡ್ರೈವರು "ಹತ್ತಪ್ಪಾ" ಅಂದ್ರು. ಮಧ್ಯಾಹ್ನ ಬೀದೀಲಿ ಸಂತ ಅಂತೋನಿ ಹಬ್ಬದ ಮೊದಲ ಕೆಂಡ ಹಾಕಿ ಮೀನು ಸುಡ್ತೀವಿ ಅಂದಿದ್ರು ದೋನಾ ಎರ್ಮೀನಿಯಾ. ತಿರುಗಿ ಬಂದೆ, ಕೂತು ಆರು ಸಾರ್ಡೀನು ತಿಂದೆ. ನೀನು ನಡೀತಾ ಇದೀಯ ಅಂತ ಗೊತ್ತಿದ್ದೂ ತಿಂದೆ. ಹದಿನಾಲ್ಕು ಸೀಟು ಖಾಲಿ ಇತ್ತು ಅಣ್ಣಾ. ನಾನು ಎಣಿಸಿದ್ದೆ.