ಆರನೆಯ ತಂದೆ

ಕೊಚ್ಕೋರ್,
ಜೂನ್ ಹನ್ನೆರಡು

ಮೊಮ್ಮಗಳು ಸಾಲ್ಕಿನ್‌ಗೆ ತಾತ ಕರಿಪ್‌ಬಾಯ್ ಬರೆಯುವುದು.

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೋ, ಇಲ್ಲ ಬಿಷ್ಕೆಕ್‌ನ ಹೊಗೆ ಕುಡಿದು ಹೆಚ್ಚಾಯಿತೋ? ನಿನ್ನ ಅಜ್ಜಿ ಒಣಗಿಸಿದ ಮೊಸರುಂಡೆ ಕಟ್ಟಿ ಕೊಟ್ಟಿದ್ದಾಳೆ. ಎಲ್ಲವನ್ನೂ ಗೆಳತಿಯರಿಗೆ ಹಂಚಬೇಡ, ನೀನೂ ತಿನ್ನು. ನನ್ನ ಮಂಡಿ ನನ್ನನ್ನು ಬೈಯುತ್ತದೆ, ನಾನು ಅದನ್ನು ಬೈಯುತ್ತೇನೆ, ಇಬ್ಬರಿಗೂ ಹೊತ್ತು ಹೋಗುತ್ತದೆ.

ಇನ್ನು ವಿಷಯ. ಭಾನುವಾರ ಕುದುರೆಮರಿಗಳನ್ನು ಕಟ್ಟಿ, ತಾಯಿ ಕುದುರೆಗಳ ಹಾಲು ಕರೆದು, ಹುಳಿ ಬರಿಸಿ, ವರ್ಷದ ಮೊದಲ ಕುಮಿಸ್ ಕುಡಿದೆವು. ಊರೆಲ್ಲ ಬಂದಿತ್ತು. ನೀನು ಯೂನಿವರ್ಸಿಟಿಗೆಂದು ಬರೆದು ಕಳಿಸಿದ ಪ್ರಬಂಧದ ಹಾಳೆಗಳನ್ನು ನಮ್ಮ ಶಾಲೆಯ ಮೇಷ್ಟ್ರು ಎಸೆನ್‌ಬೆಕ್ ಎದ್ದು ನಿಂತು ಓದಿದ. ಅಪ್ಪನಿಂದ ಹಿಂದಕ್ಕೆ ಏಳು ತಲೆಮಾರು, ನಮ್ಮ ಏಳು ತಂದೆಯರ ಹೆಸರುಗಳು ಒಂದೊಂದಾಗಿ ಬಂದವು. ಒಬ್ಬ ಕುಸ್ತಿಯವನು, ಒಬ್ಬ ಕಣಿವೆಗೆ ಕಾಲುವೆ ತಂದವನು, ಒಬ್ಬ ಮೂಗು ಕಚ್ಚಿಸಿಕೊಂಡೂ ತೋಳವನ್ನು ಬಿಡದೆ ಕೊಂದವನು. ಆರನೆಯವನು ತಿಲೆಕ್. ಅವನ ಹೆಸರಿನ ಕೆಳಗೆ ನೀನು ‘ಆಧಾರ: ವಂಶಾವಳಿ ಬಲ್ಲ ನನ್ನ ತಾತ’ ಎಂದಷ್ಟೇ ಬರೆದಿದ್ದೀಯ. ಜನ ಚಪ್ಪಾಳೆ ತಟ್ಟಿದರು, ನಾನು ಗಡ್ಡ ನೀವಿಕೊಂಡೆ. ಆಗ ಬಾಗಿಲ ಬಳಿ ಕೂತಿದ್ದ ಬುರುಲ್ ಮುದುಕಿ ಬಾಯಿ ತೆರೆದಳು. “ಏನಯ್ಯಾ ಕರಿಪ್‌ಬಾಯ್, ಎಲ್ರೂ ಏನಾದ್ರೂ ಒಂದು ಮಾಡಿದಾರೆ. ನಿಮ್ಮ ತಿಲೆಕ್ ಬರೀ ಹುಟ್ಟಿ ಸತ್ನಾ?”

ಎಲ್ಲರೂ ನಕ್ಕರು. ದೊಡ್ಡವರು ಹೇಳಿದ್ದನ್ನು ಕೆದಕಬಾರದು ಎಂದು ಮೇಷ್ಟ್ರು ಅವಳಿಗೆ ಬುದ್ಧಿ ಹೇಳಹೋದ. “ಇಲ್ಲಿ ದೊಡ್ಡೋಳು ನಾನೇ ಕಣೋ, ನಿಮ್ಮಪ್ಪನ ಮೂಗು ಒರೆಸ್ದೋಳು” ಎಂದಳು. ಅವನು ಕೂತ. ನಾನು ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದು, ಅದು ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದೆ.

ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ನಿನ್ನ ಮೇಲೆ. ಮಾರ್ಚಿನಲ್ಲಿ ಬಂದಾಗ ಇದನ್ನೇ ನೀನು ಕೇಳಿದ್ದೆ. ತ್ಸಾರನ ಕಾಲದಲ್ಲಿ ತೆರಿಗೆಗೆಂದು ಡೇರೆ ಎಣಿಸಿ ಬರೆದ ವಂಶಾವಳಿಯಲ್ಲಿ ತಿಲೆಕ್ ಇಲ್ಲ, ಹೊಳೆಯಾಚೆಯ ನಮ್ಮ ದಾಯಾದಿಗಳು ಹೇಳುವ ಸಾಲಿನಲ್ಲೂ ಇಲ್ಲ ಎಂದು ಮೂರು ಪುಟ ಬರೆದು ತಂದು ಓದಿದ್ದೆ. “ನಾಲ್ಕು ಪುಸ್ತಕ ಓದಿದ್ದಕ್ಕೆ ನಮ್ಮ ತಂದೆಯರ ತಲೆ ಎಣಿಸೋಕೆ ಬಂದ್ಯಾ?” ಎಂದು ನಾನು ಗುಡುಗಿದೆ. ನೀನು ನೋಟ್‌ಬುಕ್ ಮುಚ್ಚಿ ಬಟ್ಟಲು ತೊಳೆಯಲು ಎದ್ದೆ. ಈಗ ನೋಡಿದರೆ ಆ ಅನುಮಾನ ಬರೆದಿದ್ದ ಮೂರು ಪುಟಗಳೇ ಇಲ್ಲ. ಯಾಕೆ, ತಾತ ಬೈದ ಅಂತಲೇ? ನಾನು ಹವಾಮಾನವನ್ನೂ ಬೈಯುತ್ತೇನೆ, ಅದು ಬದಲಾಗುತ್ತದೆಯೇ? ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕುದುರೆಗಳ ಹಿಂದೆ ಹೋದವನು. ಆದರೆ ಕುದುರೆ ಕೊಳ್ಳುವಾಗ ಮಾರುವವನ ಬಾಯಿ ನೋಡುವುದಿಲ್ಲ, ಕುದುರೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತೇನೆ. ಮಾರುವವನು ಸ್ವಂತ ಬೀಗನಾದರೂ ಸರಿ. ಅದರಿಂದ ಅವನಿಗೇನೂ ಅವಮಾನವಿಲ್ಲ. ನೋಡದೆ ಕೊಂಡರೆ ಬೆನ್ನ ಹಿಂದೆ ನಗುತ್ತಾನೆ. ಆ ಎಣಿಕೆಯ ಕಾಗದವನ್ನೂ ಹಾಗೆಯೇ ನೋಡು. ಬರೆದವನು ಯಾರು, ಯಾರನ್ನು ಕೇಳಿ ಬರೆದ? ತೆರಿಗೆಯವನು ಬಂದರೆ ನಮ್ಮವರು ಅರ್ಧ ಡೇರೆಗಳನ್ನು ಗುಡ್ಡದ ಹಿಂದೆ ಸಾಗಿಸಿರುತ್ತಾರೆ. ಕಾಗದ ಹಳೆಯದು ಅಂತ ಅಡ್ಡ ಬೀಳಬೇಡ, ಗಡ್ಡ ಬೆಳ್ಳಗಿದೆ ಅಂತಲೂ ಬೀಳಬೇಡ. ಯಾರೋ ಹೇಳಿದ್ದನ್ನು ಹಾಗೇ ಒಪ್ಪಿಸಲು ನೀನು ಐದು ವರ್ಷ ಓದಬೇಕಿತ್ತೇ? ಅದಕ್ಕೆ ನಮ್ಮ ಮೇಷ್ಟ್ರು ಸಾಲದೇ?

ಅಜ್ಜಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ನಿನ್ನ ಪ್ರೊಫೆಸರ್‌ಗೆ ನನ್ನ ಸಲಾಂ ಹೇಳು. ನೀನು ನಡೆಯುವ ದಾರಿ ಬೆಳ್ಳಗಿರಲಿ.

ನಿನ್ನ ತಾತ,
ಕರಿಪ್‌ಬಾಯ್

ಇನ್ನೊಂದು ಮಾತು. ಮೊಸರುಂಡೆ ಒಯ್ಯುವ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ತಿಲೆಕ್ ಎಂಬವನು ನಮ್ಮ ವಂಶದಲ್ಲಿ ಇರಲೇ ಇಲ್ಲ. ನನ್ನ ಅಪ್ಪ ತೀರಿಕೊಂಡ ವರ್ಷ, ಮೊದಲ ಸಲ ಹಿರಿಯರ ಮುಂದೆ ಏಳು ತಂದೆಯರ ಹೆಸರು ಹೇಳಲು ನಿಂತೆ. ಆರನೆಯದು ಮರೆತುಹೋಯಿತು. ಎಲ್ಲರೂ ಕಾಯುತ್ತಿದ್ದರು. ಉಣ್ಣೆ ಒಯ್ಯಲು ಬಂದಿದ್ದ ಲಾರಿಯವನು ಎದುರಿಗೆ ಕೂತು ಮಾಂಸ ತಿನ್ನುತ್ತಿದ್ದ. ಅವನ ಹೆಸರನ್ನೇ ಹೇಳಿಬಿಟ್ಟೆ. ಅವನು ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ತಲೆ ತಗ್ಗಿಸಿ ತಿಂದ. ಒಳ್ಳೆಯ ಮನುಷ್ಯ. ಅಂದಿನಿಂದ ಊರಿನ ಮಕ್ಕಳಿಗೆಲ್ಲ ಅದನ್ನೇ ಕಲಿಸಿದ್ದೇನೆ. ನಿಜವಾದ ಹೆಸರು ನನಗೆ ಇವತ್ತಿಗೂ ನೆನಪಿಲ್ಲ. ಆ ಮೂರು ಪುಟ ವಾಪಸ್ ಹಾಕು, ತಪ್ಪು ಮಾಡಿದವನು ಯಾರೆಂದು ನನ್ನ ಹೆಸರು ಹಿಡಿದೇ ಬರೆ. ಇಪ್ಪತ್ತರಂದು ಪ್ರೊಫೆಸರುಗಳ ಮುಂದೆ ನಡೆಯುವ ನಿನ್ನ ಪ್ರಬಂಧದ ಪರೀಕ್ಷೆಗೆ ನಾನೂ ಬರುತ್ತೇನೆ. ಆರನೆಯವನ ಬಗ್ಗೆ ಯಾರಾದರೂ ಕೇಳಿದರೆ ನೀನು ಕೂತುಕೋ, ನಾನು ಎದ್ದು ಹೇಳುತ್ತೇನೆ.